ಯಾವ ಶೂಟರ್ ಗೇಮ್ ಎಲ್ಲಕ್ಕಿಂತ ಕಷ್ಟ? ಮೊದಲು ಪ್ರಶ್ನೆಯನ್ನೇ ಸ್ವಲ್ಪ ಬದಲಿಸೋಣ

ಈ ವಾರದ ವಿಷಯ ನೀವೇ ಕೊಟ್ಟಿದ್ದು. ನಮ್ಮ ಕೇಳುಗರ ವಾಯ್ಸ್ ನೋಟ್‌ಗಳಲ್ಲಿ ಪದೇ ಪದೇ ಬರೋ ಪ್ರಶ್ನೆ ಒಂದೇ: "ಅಣ್ಣಾ, ಕೌಂಟರ್-ಸ್ಟ್ರೈಕ್ ಕಷ್ಟನಾ, ವ್ಯಾಲೊರಂಟ್ ಕಷ್ಟನಾ? ಏಪೆಕ್ಸ್ ಆಡೋರು ನಾವೇ ಗ್ರೇಟ್ ಅಂತಾರೆ, ನಿಜಾನಾ? ಕಷ್ಟದ್ದನ್ನೇ ಮೊದಲು ಕಲಿತರೆ ಬಾಕಿದ್ದೆಲ್ಲ ತಾನಾಗೇ ಬರುತ್ತಲ್ವಾ?"

ಕೇಳೋಕೆ ಇದು ಹುಡುಗಾಟದ ಪ್ರಶ್ನೆ ಥರ ಇದೆ. ಆದ್ರೆ ಕೇಳ್ತಿರೋರಲ್ಲಿ ಎಷ್ಟೋ ಜನ ಪಿಯು, ಡಿಗ್ರಿ ಓದ್ತಿರೋರು. ದಿನಕ್ಕೆ ಮೂರು ಗಂಟೆ ಅಂದ್ರೂ ವರ್ಷಕ್ಕೆ ಸಾವಿರ ಗಂಟೆ ದಾಟುತ್ತೆ. ನಾನು ಬಿ.ಕಾಂ. ಓದಿದವನು, ಹಾಗಾಗಿ ನನ್ನ ತಲೆ ಮೊದಲು ಓಡೋದೇ ಆ ಕಡೆಗೆ: ಸಾವಿರ ಗಂಟೆ ಅಂದ್ರೆ ಬಂಡವಾಳ. ಅದನ್ನ ಎಲ್ಲಿ ಹಾಕ್ತಿದೀರಿ, ಹಾಕಿದ ಮೇಲೆ ನಿಮ್ಮ ಕೈಯಲ್ಲಿ ಏನು ಉಳಿಯುತ್ತೆ? ಇವತ್ತು ಅದನ್ನ ನೋಡೋಣ.

ಕಷ್ಟ ಇರೋದು ಗೇಮ್‌ನಲ್ಲೋ, ಎದುರಾಳಿಯಲ್ಲೋ?

ಸಿಇಟಿ ಬರೆದವರಿಗೆ ಈ ಮಾತು ಬೇಗ ಅರ್ಥ ಆಗುತ್ತೆ. ಪೇಪರ್ ಸುಲಭ ಬಂತು ಅಂದ್ಕೊಳ್ಳಿ. ಎಲ್ರೂ ಖುಷಿಯಾಗಿ ಹೊರಗೆ ಬರ್ತಾರೆ. ಆದ್ರೆ ಪೇಪರ್ ಸುಲಭ ಆದದ್ದು ನಿಮಗೊಬ್ಬರಿಗೇ ಅಲ್ಲ, ಎಲ್ರಿಗೂ. ಸೀಟು ಇದ್ದಷ್ಟೇ ಇರುತ್ತೆ, ಕಟ್-ಆಫ್ ಮೇಲಕ್ಕೆ ಹೋಗುತ್ತೆ. ರ‍್ಯಾಂಕ್ ಸಿಗೋದು ಪೇಪರನ್ನ ಸೋಲಿಸಿದ್ದಕ್ಕಲ್ಲ, ಪಕ್ಕದವನಿಗಿಂತ ಮುಂದೆ ಹೋಗಿದ್ದಕ್ಕೆ.

ಸ್ಪರ್ಧಾತ್ಮಕ ಗೇಮ್‌ಗಳೂ ಹೀಗೇ. ಜನ ಸಾಕಷ್ಟು ಸಂಖ್ಯೆಯಲ್ಲಿ, ಸೀರಿಯಸ್ಸಾಗಿ ಆಡೋ ಯಾವ ಗೇಮ್ ತಗೊಂಡ್ರೂ ಅದರ ತುದಿ ತಲುಪೋದು ಕಷ್ಟವೇ. ಯಾಕಂದ್ರೆ ಆ ತುದಿಯನ್ನ ಕಟ್ಟಿರೋದು ಇನ್ನೊಬ್ಬ ಮನುಷ್ಯ. ಹಾಗಾಗಿ "ಯಾವುದು ಕಷ್ಟ" ಅನ್ನೋದನ್ನ ಪಕ್ಕಕ್ಕಿಟ್ಟು ಬೇರೆ ಎರಡು ಪ್ರಶ್ನೆ ಕೇಳೋಣ. ಒಂದು, ಈ ಗೇಮ್ ಯಾವ ಥರದ ಕೌಶಲಕ್ಕೆ ಬೆಲೆ ಕೊಡುತ್ತೆ? ಎರಡು, ಇಲ್ಲಿ ಕಲಿತದ್ದರಲ್ಲಿ ಎಷ್ಟು ಇನ್ನೊಂದು ಕಡೆ ಚಲಾವಣೆ ಆಗುತ್ತೆ?

ಗುರಿ ಅನ್ನೋದು ಒಂದೇ ಕೌಶಲ ಅಲ್ಲ

"ಅವನ ಏಮ್ ಸೂಪರ್" ಅಂತ ಸುಲಭವಾಗಿ ಹೇಳಿಬಿಡ್ತೀವಿ. ಆ ಒಂದು ಪದದೊಳಗೆ ಕನಿಷ್ಠ ಮೂರು ಬೇರೆ ಕೆಲಸ ಇವೆ.

ಮೊದಲನೇದು ಫ್ಲಿಕ್. ಶತ್ರು ಇದ್ದಕ್ಕಿದ್ದಂತೆ ಒಂದು ಮೂಲೆಯಲ್ಲಿ ಕಾಣಿಸ್ತಾನೆ, ನೀವು ಕೈಯನ್ನ ಒಂದೇ ಏಟಿಗೆ ಅಲ್ಲಿಗೆ ತಿರುಗಿಸಿ ಗುಂಡು ಹಾರಿಸ್ತೀರಿ. ಎರಡನೇದು ಟ್ರ್ಯಾಕಿಂಗ್. ಶತ್ರು ಓಡ್ತಾನೆ, ಹಾರ್ತಾನೆ, ಜಾರ್ತಾನೆ. ಒಂದೆರಡು ಸೆಕೆಂಡ್ ನಿಮ್ಮ ಗುರಿ ಅವನ ಮೈಮೇಲೇ ಅಂಟಿಕೊಂಡಿರ್ಬೇಕು. ಮೂರನೇದನ್ನ ಜನ ಲೆಕ್ಕಕ್ಕೇ ತಗೊಳ್ಳಲ್ಲ, ಕ್ರಾಸ್‌ಹೇರ್ ಪ್ಲೇಸ್‌ಮೆಂಟ್. ಶತ್ರು ಎಲ್ಲಿಂದ ಬರಬಹುದು, ಅವನ ತಲೆ ಯಾವ ಎತ್ತರದಲ್ಲಿರುತ್ತೆ ಅಂತ ಮೊದಲೇ ಊಹಿಸಿ ಗುರಿಯನ್ನ ಅಲ್ಲೇ ಇಟ್ಕೊಂಡು ನಡೆಯೋದು. ಇದು ಚೆನ್ನಾಗಿದ್ರೆ ಫ್ಲಿಕ್ ಮಾಡೋ ಅಗತ್ಯವೇ ಕಡಿಮೆ. ಒಳ್ಳೆ ಸ್ಲಿಪ್ ಫೀಲ್ಡರ್ ಡೈವ್ ಹೊಡೆಯೋದು ಕಡಿಮೆ, ನಿಲ್ಲೋ ಜಾಗದಲ್ಲೇ ಅರ್ಧ ಕ್ಯಾಚ್ ಹಿಡಿದಿರ್ತಾನಲ್ಲ, ಹಾಗೆ.

ಯಾವ ಗೇಮ್ ಯಾವುದನ್ನ ಕೇಳುತ್ತೆ ಅನ್ನೋದನ್ನ ಒಂದು ಅಳತೆ ಬಹುಮಟ್ಟಿಗೆ ಹೇಳಿಬಿಡುತ್ತೆ. ಆಟಗಾರರು ಅದನ್ನ ಟೈಮ್ ಟು ಕಿಲ್ ಅಂತಾರೆ. ಮೊದಲ ಗುಂಡು ತಾಗಿದ ಮೇಲೆ ಎದುರಾಳಿ ಸಾಯೋಕೆ ಎಷ್ಟು ಹೊತ್ತು ಬೇಕು ಅನ್ನೋ ಲೆಕ್ಕ. ಈ ಹೊತ್ತು ಚಿಕ್ಕದಿದ್ರೆ ಮೊದಲು ನೋಡಿದವನೇ ಗೆಲ್ತಾನೆ, ಆಗ ಮಾಹಿತಿ ಮತ್ತು ಜಾಗಕ್ಕೆ ಬೆಲೆ. ದೊಡ್ಡದಿದ್ರೆ ಏಟು ತಿಂದವನಿಗೂ ತಿರುಗಿಬೀಳೋ ಅವಕಾಶ ಇರುತ್ತೆ, ಆಗ ಟ್ರ್ಯಾಕಿಂಗ್ ಮತ್ತು ಓಡಾಟಕ್ಕೆ ಬೆಲೆ.

ಕೌಂಟರ್-ಸ್ಟ್ರೈಕ್: ಕೈ ಅರ್ಧ, ಖಾತೆ ಪುಸ್ತಕ ಅರ್ಧ

1999ರಲ್ಲಿ ಹಾಫ್-ಲೈಫ್ ಅನ್ನೋ ಗೇಮ್‌ನ ಮೇಲೆ ಅಭಿಮಾನಿಗಳು ಕಟ್ಟಿದ ಮಾಡ್ ಆಗಿ ಶುರುವಾದದ್ದು ಕೌಂಟರ್-ಸ್ಟ್ರೈಕ್. ಈಗಿನ ರೂಪ ಕೌಂಟರ್-ಸ್ಟ್ರೈಕ್ 2 ಬಂದದ್ದು 2023ರ ಸೆಪ್ಟೆಂಬರ್‌ನಲ್ಲಿ. ಐದು ಜನ ಬಾಂಬ್ ಇಡ್ತಾರೆ, ಐದು ಜನ ತಡೀತಾರೆ. ಮೊದಲು 13 ರೌಂಡ್ ಗೆದ್ದವರು ಪಂದ್ಯ ಗೆದ್ದ ಹಾಗೆ.

ಇಲ್ಲಿ ಓಡ್ತಾ ಗುಂಡು ಹೊಡೆದ್ರೆ ಗುರಿಗೆ ಬೀಳಲ್ಲ. ಎಡಕ್ಕೆ ಓಡ್ತಿದ್ರೆ ಬಲಗಡೆಯ ಕೀಯನ್ನ ಒಂದು ಕ್ಷಣ ಒತ್ತಿ ಬ್ರೇಕ್ ಹಾಕಿ, ಆ ಕ್ಷಣದಲ್ಲೇ ಹೊಡೀಬೇಕು. ಒಂದೇ ಸಮನೆ ಹೊಡೆದ್ರೆ ಬಂದೂಕು ಮೊದಲು ಮೇಲಕ್ಕೆ, ಆಮೇಲೆ ಅಕ್ಕಪಕ್ಕಕ್ಕೆ ಹೋಗುತ್ತೆ. ಆದ್ರೆ ಆ ದಾರಿ ಪ್ರತಿಸಲವೂ ಹೆಚ್ಚುಕಮ್ಮಿ ಒಂದೇ. ಅಂದ್ರೆ ಅಭ್ಯಾಸದಿಂದ ಬಾಯಿಪಾಠ ಮಾಡಬಹುದು. ಎಕೆ-47ರ 30 ಗುಂಡಿನ ದಾರಿಯನ್ನ ಕೈ ನೆನಪಿಟ್ಟುಕೊಳ್ಳೋಕೆ ಜನ ಖಾಲಿ ಗೋಡೆ ಮುಂದೆ ನಿಂತು ಗಂಟೆಗಟ್ಟಲೆ ಹೊಡೀತಾರೆ.

ನನಗೆ ಇನ್ನೂ ಇಷ್ಟ ಆಗೋದು ದುಡ್ಡಿನ ಭಾಗ. ಪ್ರತಿ ಆಟಗಾರನ ಕೈಯಲ್ಲಿ ಮೊದಲು 800 ಡಾಲರ್. ಎಕೆ-47ಗೆ 2,700, ಹೆಲ್ಮೆಟ್ ಸಮೇತ ಕವಚಕ್ಕೆ 1,000. ಸೋತವರಿಗೂ ಸಮಾಧಾನದ ಹಣ ಇದೆ, ಸತತ ಸೋಲಿಗೆ ಅದು 1,400ರಿಂದ 3,400ರವರೆಗೆ ಏರುತ್ತೆ. ಈಗ ಲೆಕ್ಕ ಹಾಕಿ. ನಿಮ್ಮ ಹತ್ರ 2,000 ಇದೆ. ಈ ರೌಂಡಲ್ಲೇ ಏನೋ ಒಂದು ಅಗ್ಗದ್ದು ಕೊಂಡು ಸೋತ್ರೆ ಮುಂದಿನ ರೌಂಡಲ್ಲೂ ಬರಿಗೈ. ಅದೇ ಏನೂ ಕೊಳ್ಳದೆ ಉಳಿಸಿ, ಸೋತದ್ದಕ್ಕೆ 2,400 ಬಂದ್ರೆ ಕೈಯಲ್ಲಿ 4,400. ಎಕೆ, ಕವಚ, 300ರ ಒಂದು ಸ್ಮೋಕ್, 200ರ ಒಂದು ಫ್ಲ್ಯಾಶ್ ಎಲ್ಲಾ ಸೇರಿ 4,200. ಪೂರ್ತಿ ಸಜ್ಜಾಗಿ ಬರ್ತೀರಿ.

ಆದ್ರೆ ಇದು ಐದು ಜನರ ಪಾಲುದಾರಿಕೆ ಸಂಸ್ಥೆ ಇದ್ದ ಹಾಗೆ. ಇಬ್ಬರು ಕೊಂಡು ಮೂವರು ಉಳಿಸಿದ್ರೆ ಎರಡು ರೌಂಡೂ ಹಾಳು. ಎದುರಾಳಿಯ ಹತ್ರ ಈಗ ಎಷ್ಟು ದುಡ್ಡಿರಬಹುದು ಅನ್ನೋದನ್ನೂ ಮನಸ್ಸಲ್ಲೇ ಲೆಕ್ಕ ಹಾಕ್ತಿರ್ಬೇಕು. ಏಮ್ ಚೆನ್ನಾಗಿದ್ದೂ ಒಂದೇ ರ‍್ಯಾಂಕಲ್ಲಿ ವರ್ಷಗಟ್ಟಲೆ ನಿಂತಿರೋ ಎಷ್ಟೋ ಜನ ಸೋಲ್ತಿರೋದು ಇಲ್ಲಿ.

ವ್ಯಾಲೊರಂಟ್: ಅದೇ ಅಂಗಳ, ಹೆಚ್ಚು ಕಾಯಿಗಳು

2020ರ ಜೂನ್‌ನಲ್ಲಿ ರಾಯಟ್ ಗೇಮ್ಸ್ ಬಿಟ್ಟ ವ್ಯಾಲೊರಂಟ್‌ನ ಹೊರರೂಪ ಕೌಂಟರ್-ಸ್ಟ್ರೈಕ್‌ನದ್ದೇ. ಐದಕ್ಕೆ ಐದು, 13 ರೌಂಡ್, ನಿಂತು ಹೊಡೀಬೇಕು, ತಲೆಗೆ ಹೊಡೀಬೇಕು. ವ್ಯಾಂಡಲ್ ಅನ್ನೋ ಬಂದೂಕು ಎಷ್ಟೇ ದೂರದಿಂದಾದ್ರೂ ತಲೆಗೆ ಒಂದೇ ಗುಂಡಿನಲ್ಲಿ ಮುಗಿಸುತ್ತೆ. ವ್ಯತ್ಯಾಸ ಎರಡು ಕಡೆ ಇದೆ.

ಒಂದು, ಇಲ್ಲಿ ಮೊದಲ ಕೆಲವು ಗುಂಡು ಬಿಟ್ಟರೆ ಉಳಿದವು ಅಕ್ಕಪಕ್ಕಕ್ಕೆ ಹೋಗೋ ರೀತಿಯನ್ನ ಕೌಂಟರ್-ಸ್ಟ್ರೈಕ್‌ನಷ್ಟು ಬಾಯಿಪಾಠ ಮಾಡೋಕಾಗಲ್ಲ. ಹಾಗಾಗಿ ಒಂದೊಂದಾಗಿ, ಚಿಕ್ಕ ಚಿಕ್ಕ ಕಂತಿನಲ್ಲಿ ಹೊಡೆಯೋನಿಗೆ ಲಾಭ. ಎರಡು, ಪ್ರತಿ ಏಜೆಂಟ್‌ಗೂ ನಾಲ್ಕು ವಿಶೇಷ ಶಕ್ತಿ. ಗೋಡೆ ಎಬ್ಬಿಸೋನು, ಹೊಗೆ ಹಾಕೋನು, ಸತ್ತ ಗೆಳೆಯನನ್ನ ಎಬ್ಬಿಸೋಳು. ಎದುರು ತಂಡದ ಐದು ಜನರ ಶಕ್ತಿಯಲ್ಲಿ ಯಾವುದು ಖರ್ಚಾಗಿದೆ, ಯಾವುದು ಬಾಕಿ ಅಂತ ನೆನಪಿಟ್ಟುಕೊಳ್ಳೋದೇ ಒಂದು ಕೌಶಲ.

ಕೌಂಟರ್-ಸ್ಟ್ರೈಕ್‌ನ ಕೈ ಇಲ್ಲಿ ನಡೆಯುತ್ತಾ? ನಡೆಯುತ್ತೆ, ಒಂದು ಮಿತಿಯೊಳಗೆ. ಟೆನ್‌ಝೀ ಹೆಸರಿನ ಕೆನಡಾದ ಆಟಗಾರ ಕೌಂಟರ್-ಸ್ಟ್ರೈಕ್‌ನಿಂದ ಬಂದು 2021ರ ರೇಕ್ಯಾವಿಕ್ ಮಾಸ್ಟರ್ಸ್‌ನಲ್ಲಿ ಸೆಂಟಿನೆಲ್ಸ್ ತಂಡದ ಜೊತೆ ಗೆದ್ದ. ಅದೇ ಸೆಂಟಿನೆಲ್ಸ್‌ಗೆ 2022ರಲ್ಲಿ ಶ್ರೌಡ್ ಬಂದ. ಕೌಂಟರ್-ಸ್ಟ್ರೈಕ್‌ನಲ್ಲಿ ಅವನ ಏಮ್ ದಂತಕಥೆ. ಆದ್ರೂ ಆ ವರ್ಷ ತಂಡ ಚಾಂಪಿಯನ್ಸ್‌ಗೆ ಅರ್ಹತೆ ಪಡೀಲಿಲ್ಲ. ಒಬ್ಬನ ಮೇಲೆ ತಪ್ಪು ಹೊರಿಸೋಕೆ ಇದನ್ನ ಹೇಳ್ತಿಲ್ಲ, ಅದು ಐದು ಜನರ ಆಟ. ಒಂದು ಕಡೆಯ ದೊಡ್ಡ ಹೆಸರು ಇನ್ನೊಂದು ಕಡೆ ಗೆಲುವಿಗೆ ಗ್ಯಾರಂಟಿ ಕಾರ್ಡ್ ಅಲ್ಲ, ಅಷ್ಟೇ.

ರೇನ್‌ಬೋ ಸಿಕ್ಸ್ ಸೀಜ್: ಗೋಡೆಗೂ ಕಿವಿ, ನೆಲಕ್ಕೂ ಕಣ್ಣು

2015ರ ಡಿಸೆಂಬರ್‌ನಲ್ಲಿ ಬಂದ ಸೀಜ್‌ನಲ್ಲಿ ಗೋಡೆ ಒಡೆಯಬಹುದು, ನೆಲ ಒಡೆಯಬಹುದು, ಮಾಳಿಗೆ ಮೇಲಿಂದ ಕೆಳಗಿರೋನನ್ನ ಹೊಡೀಬಹುದು. ಬಹುತೇಕ ಎಲ್ಲ ಬಂದೂಕೂ ತಲೆಗೆ ಒಂದೇ ಗುಂಡಿನಲ್ಲಿ ಕೊಲ್ಲುತ್ತೆ. ರೌಂಡ್ ಶುರುವಾಗೋ ಮುಂಚೆ 45 ಸೆಕೆಂಡ್ ತಯಾರಿ ಸಮಯ: ದಾಳಿ ಮಾಡೋರು ಡ್ರೋನ್ ಬಿಟ್ಟು ಮನೆಯೊಳಗೆ ಯಾರೆಲ್ಲಿ ಅಂತ ಹುಡುಕ್ತಾರೆ, ಒಳಗಿರೋರು ಗೋಡೆ ಬಲಪಡಿಸ್ತಾರೆ.

ಆಪರೇಟರ್‌ಗಳೇ 70ಕ್ಕೂ ಹೆಚ್ಚು, ಒಬ್ಬೊಬ್ಬರ ಉಪಕರಣ ಒಂದೊಂದು ಥರ. ಮ್ಯಾಪ್ ಗೊತ್ತಿಲ್ಲದೆ ಹೋದ್ರೆ ಎಲ್ಲಿಂದ ಗುಂಡು ಬಂತು ಅಂತಾನೂ ತಿಳಿಯಲ್ಲ. ಹೊಸಬರಿಗೆ ಶುರುವಿನ ದಿನಗಳೇ ಬೆಟ್ಟ ಹತ್ತಿದ ಹಾಗೆ ಅನ್ನಿಸೋ ಗೇಮ್ ಇದು. ಆದ್ರೆ ಗಮನಿಸಿ, ಇದು ಓದಿನ ಬೆಟ್ಟ, ಬೆರಳಿನ ಬೆಟ್ಟ ಅಲ್ಲ. ಕೈ ಸ್ವಲ್ಪ ನಿಧಾನ ಇದ್ರೂ ತಾಳ್ಮೆ ಇದ್ದು, ಕಾಲ್ ಸರಿಯಾಗಿ ಕೊಡೋನು ಇಲ್ಲಿ ಬಾಳ್ತಾನೆ.

ಓವರ್‌ವಾಚ್, ಏಪೆಕ್ಸ್: ಬಿದ್ದ ಮೇಲೂ ಆಟ ಇದೆ

2016ರಲ್ಲಿ ಬಂದ ಓವರ್‌ವಾಚ್, ಮತ್ತು 2022ರಲ್ಲಿ ಅದರ ಮುಂದಿನ ರೂಪ, ಬೇರೆಯದೇ ಲೋಕ. ಇಲ್ಲಿ ಸತ್ತವರು ಸ್ವಲ್ಪ ಹೊತ್ತಿಗೆ ವಾಪಸ್ ಬರ್ತಾರೆ, ಪಕ್ಕದವನ ಗಾಯವನ್ನ ಸಪೋರ್ಟ್ ಆಟಗಾರ ವಾಸಿ ಮಾಡ್ತಿರ್ತಾನೆ. ಒಬ್ಬನನ್ನ ಹೊಡೆದು ಬೀಳಿಸೋಕೆ ಗುಂಡು ಬಿಟ್ಟರೆ ಸಾಲದು, ಅವನಿಗೆ ಔಷಧಿ ಬರದ ಕ್ಷಣ ನೋಡಿ ಹೊಡೀಬೇಕು. ದೊಡ್ಡ ಸುತ್ತಿಗೆ ಹಿಡಿದ ರೈನ್‌ಹಾರ್ಟ್‌ನನ್ನ ಆಡೋನಿಗೆ ಸೂಕ್ಷ್ಮ ಗುರಿ ಹೆಚ್ಚು ಬೇಡ, ಆದ್ರೆ ಯಾವಾಗ ಮುಂದೆ ಹೋಗ್ಬೇಕು, ಯಾವಾಗ ಗುರಾಣಿ ಎತ್ತಬೇಕು ಅನ್ನೋ ಸಮಯಪ್ರಜ್ಞೆ ಬೇಕೇ ಬೇಕು. ಹಾಗಾಗಿ "ಓವರ್‌ವಾಚ್‌ನಲ್ಲಿ ಏಮ್ ಬೇಡ" ಅನ್ನೋದೂ ತಪ್ಪು, "ಏಮ್ ಇದ್ರೆ ಸಾಕು" ಅನ್ನೋದೂ ತಪ್ಪು. ನೀವು ಯಾವ ಪಾತ್ರ ಹಿಡಿದಿದ್ದೀರಿ ಅನ್ನೋದರ ಮೇಲೆ ಹೋಗುತ್ತೆ.

2019ರ ಫೆಬ್ರುವರಿಯಲ್ಲಿ ಬಂದ ಏಪೆಕ್ಸ್ ಲೆಜೆಂಡ್ಸ್‌ನಲ್ಲಿ 60 ಜನ, ಮೂವರ 20 ತಂಡ. ಮೈಮೇಲೆ ಶೀಲ್ಡ್ ಇರೋದರಿಂದ ಒಬ್ಬನನ್ನ ಉರುಳಿಸೋಕೆ ಹೆಚ್ಚು ಗುಂಡು ಬೇಕು. ಅವನು ಜಾರ್ತಾನೆ, ಹಾರ್ತಾನೆ, ಗೋಡೆ ಹತ್ತುತ್ತಾನೆ. ಟ್ರ್ಯಾಕಿಂಗ್ ಇಲ್ಲದವನಿಗೆ ಇಲ್ಲಿ ಜಾಗ ಇಲ್ಲ. ಇನ್ನೊಂದು ತಲೆನೋವು ಬೇರೆ. ನೀವು ಒಂದು ತಂಡದ ಜೊತೆ ಹೊಡೆದಾಡ್ತಿರುವಾಗ ಸದ್ದು ಕೇಳಿ ಮೂರನೇ ತಂಡ ಬಂದು ಇಬ್ಬರನ್ನೂ ಮುಗಿಸುತ್ತೆ. ಜಗಳ ಗೆಲ್ಲೋದು ಬೇರೆ, ಯಾವ ಜಗಳ ಬೇಡ ಅಂತ ತಿಳಿಯೋದು ಬೇರೆ.

20 ತಂಡ ಇದ್ದಾಗ ಒಳ್ಳೆ ತಂಡವೂ ಬಹಳಷ್ಟು ಸಲ ಮೊದಲು ಬರಲ್ಲ. ಒಂದು ಆಟದಲ್ಲಿ ಅದೃಷ್ಟದ ಪಾಲು ಇದ್ದೇ ಇದೆ, ಹತ್ತಾರು ಆಟದಲ್ಲಿ ಕೌಶಲ ಮೇಲೆ ಬರುತ್ತೆ. ಅದಕ್ಕೇ ಏಪೆಕ್ಸ್‌ನ ದೊಡ್ಡ ಫೈನಲ್‌ಗಳಲ್ಲಿ ಮ್ಯಾಚ್ ಪಾಯಿಂಟ್ ಪದ್ಧತಿ ಬಳಸ್ತಾರೆ: ಮೊದಲು ಹಲವು ಆಟಗಳಲ್ಲಿ 50 ಅಂಕ ಕೂಡಿಸ್ಬೇಕು, ಆಮೇಲೆ ಒಂದು ಆಟವನ್ನ ಪೂರ್ತಿ ಗೆದ್ದವರು ಚಾಂಪಿಯನ್. ಬಿಜಿಎಂಐ ಆಡೋರಿಗೆ ಈ ತರ್ಕ ಹೊಸದಲ್ಲ.

ಕ್ವೇಕ್: ಅಲ್ಲಿ ದೂರೋಕೆ ಯಾರೂ ಇಲ್ಲ

ಇವತ್ತು ಆಡೋರು ಕಡಿಮೆ, ಆದ್ರೂ ಕ್ವೇಕ್ ಹೆಸರು ಹೇಳ್ದೆ ಈ ಲೆಕ್ಕ ಮುಗಿಯಲ್ಲ. 1996ರಲ್ಲಿ ಮೊದಲ ಕ್ವೇಕ್, 1999ರಲ್ಲಿ ಕ್ವೇಕ್ 3 ಅರೀನಾ. 1997ರಲ್ಲಿ ಥ್ರೆಶ್ ಅಂತ ಹೆಸರಾದ ಡೆನಿಸ್ ಫಾಂಗ್ ಒಂದು ಕ್ವೇಕ್ ಟೂರ್ನಿ ಗೆದ್ದು, ಗೇಮ್ ಮಾಡಿದ ಜಾನ್ ಕಾರ್ಮ್ಯಾಕ್ ಅವರದೇ ಫೆರಾರಿ ಕಾರನ್ನ ಬಹುಮಾನವಾಗಿ ತಗೊಂಡು ಹೋದ.

ಇಬ್ಬರೇ ಆಡೋ ಡ್ಯುಯೆಲ್‌ನಲ್ಲಿ ಗಡಿಯಾರವೇ ರಾಜ. ಕ್ವೇಕ್ 3ರ ಡ್ಯುಯೆಲ್‌ನಲ್ಲಿ ಕೆಂಪು ಕವಚ ಎತ್ತಿಕೊಂಡ 25 ಸೆಕೆಂಡ್‌ಗೆ, ಮೆಗಾ ಹೆಲ್ತ್ 35 ಸೆಕೆಂಡ್‌ಗೆ ಮತ್ತೆ ಬರುತ್ತೆ. ರಾಕೆಟ್ ತಪ್ಪಿಸ್ಕೊಳ್ತಾ, ಹಾರ್ತಾ, ಗುರಿ ಇಡ್ತಾ, ಈ ಗಡಿಯಾರಗಳನ್ನೂ ತಲೆಯಲ್ಲಿ ಓಡಿಸ್ಬೇಕು. ಮತ್ತೆ ಇಲ್ಲಿ ಟೀಮ್‌ಮೇಟ್ ಇಲ್ಲ. ಸೋತ್ರೆ ಬೈಯೋಕೆ ಕನ್ನಡಿಯಲ್ಲಿರೋನು ಮಾತ್ರ.

ಮೊಬೈಲ್‌ನಿಂದ ಕಂಪ್ಯೂಟರ್‌ಗೆ: ಏನು ಜೊತೆಗೆ ಬರುತ್ತೆ?

ನಮ್ಮ ಕೇಳುಗರಲ್ಲಿ ಹೆಚ್ಚಿನವರು ಫೋನಲ್ಲಿ ಆಡೋರು. ಬಿಜಿಎಂಐ, ಫ್ರೀ ಫೈರ್, ಕಾಲ್ ಆಫ್ ಡ್ಯೂಟಿ ಮೊಬೈಲ್. ಒಬ್ಬ ಹುಡುಗ ಕಳಿಸಿದ ಮಾತು ಮನಸ್ಸಲ್ಲೇ ಉಳಿದಿದೆ: ಮಗನಿಗೆ ಕಂಪ್ಯೂಟರ್ ಕೊಡಿಸೋಕೆ ಅಪ್ಪ ಚೀಟಿ ಎತ್ತೋ ಯೋಚನೆಯಲ್ಲಿದ್ದಾರಂತೆ. "ಮೊಬೈಲಲ್ಲಿ ಚೆನ್ನಾಗಿ ಆಡ್ತೀನಿ, ಅಲ್ಲೂ ಬೇಗ ಮೇಲೆ ಬರ್ತೀನಲ್ವಾ?" ಅಂತ ಕೇಳಿದ್ದಾನೆ.

ಟೆನಿಸ್ ಬಾಲ್ ಕ್ರಿಕೆಟ್‌ನಿಂದ ಲೆದರ್ ಬಾಲ್‌ಗೆ ಹೋದವರನ್ನ ನೋಡಿ. ರನ್ ಓಡೋ ಅಂದಾಜು, ಗ್ಯಾಪ್ ನೋಡೋ ಕಣ್ಣು, ಒತ್ತಡದಲ್ಲಿ ತಣ್ಣಗಿರೋದು, ಇವು ಜೊತೆಗೆ ಬರ್ತವೆ. ಬ್ಯಾಟ್ ಬೀಸೋ ರೀತಿ ಮತ್ತೆ ಮೊದಲಿಂದ. ಇಲ್ಲೂ ಹಾಗೇ. ವಲಯ ಎಲ್ಲಿಗೆ ಕುಗ್ಗುತ್ತೆ ಅನ್ನೋ ಊಹೆ, ಹೆಜ್ಜೆ ಸದ್ದು ಕೇಳೋ ಕಿವಿ, ತಂಡಕ್ಕೆ ಚಿಕ್ಕದಾಗಿ ಸ್ಪಷ್ಟವಾಗಿ ಮಾಹಿತಿ ಕೊಡೋ ಅಭ್ಯಾಸ ನಿಮ್ಮ ಜೊತೆ ಬರುತ್ತೆ. ಹೆಬ್ಬೆರಳಿನ ಚಳಕ, ಜೈರೊ, ಏಮ್ ಅಸಿಸ್ಟ್‌ನ ಸಹಾಯ ಬರಲ್ಲ. ಮೌಸ್ ಹಿಡಿದ ಮೊದಲ ತಿಂಗಳು ನೀವು ಹೊಸಬರೇ.

ಖರ್ಚಿನ ಬಗ್ಗೆಯೂ ಹೇಳ್ಬೇಕು. ಕೌಂಟರ್-ಸ್ಟ್ರೈಕ್ 2, ವ್ಯಾಲೊರಂಟ್, ಓವರ್‌ವಾಚ್, ಏಪೆಕ್ಸ್ ಎಲ್ಲವನ್ನೂ ದುಡ್ಡು ಕೊಡದೆ ಶುರುಮಾಡಬಹುದು. ದುಬಾರಿ ಆಗೋದು ಯಂತ್ರ. ಅಲ್ಲೂ ಯಾವುದಕ್ಕೆ ಮೊದಲು ದುಡ್ಡು ಅನ್ನೋ ಲೆಕ್ಕ ಇದೆ. 60 ಹರ್ಟ್ಸ್ ಪರದೆಯಲ್ಲಿ ಒಂದು ಚಿತ್ರಕ್ಕೂ ಇನ್ನೊಂದಕ್ಕೂ ಸುಮಾರು 16.7 ಮಿಲಿಸೆಕೆಂಡ್, 144 ಹರ್ಟ್ಸ್‌ನಲ್ಲಿ ಸುಮಾರು 6.9. ಅಂದ್ರೆ ಉಳಿತಾಯ ಹತ್ತು ಮಿಲಿಸೆಕೆಂಡ್‌ನ ಆಸುಪಾಸು. ಅದೇ ನಿಮ್ಮ ಪಿಂಗ್ 80 ಇದ್ದದ್ದು 20ಕ್ಕೆ ಇಳಿದ್ರೆ ಉಳಿತಾಯ 60. ದೊಡ್ಡ ಮಾನಿಟರ್‌ಗೆ ಮುಂಚೆ ವೈ-ಫೈ ಬಿಟ್ಟು ಕೇಬಲ್ ಹಾಕಿಸಿ, ಕನೆಕ್ಷನ್ ನೋಡಿ. ಅದಕ್ಕಿಂತ ಮುಂಚೆ, ಗೆಳೆಯನ ಮನೆಯಲ್ಲೋ ಗೇಮಿಂಗ್ ಕೆಫೆಯಲ್ಲೋ ಒಂದು ತಿಂಗಳು ಆಡಿ ನೋಡಿ. ಅಪ್ಪನ ಚೀಟಿ ದುಡ್ಡಿಗೆ ಅಷ್ಟಾದ್ರೂ ಮರ್ಯಾದೆ ಕೊಡೋಣ. ಕಂಪ್ಯೂಟರ್ ಕೊಂಡ್ರೆ ಓದಿಗೂ, ಟ್ಯಾಲಿ ಕಲಿಯೋಕೂ ಆಗೋ ಹಾಗಿರಲಿ.

ಇನ್ನೊಂದು ವಿಷಯ. ಗೇಮ್ ನಿಮ್ಮದಲ್ಲ. 2020ರ ಸೆಪ್ಟೆಂಬರ್ 2ರಂದು ಪಬ್‌ಜಿ ಮೊಬೈಲ್ ನಿಷೇಧ ಆಯ್ತು. 2021ರ ಜುಲೈನಲ್ಲಿ ಬಿಜಿಎಂಐ ಬಂತು, 2022ರ ಜುಲೈನಲ್ಲಿ ಸ್ಟೋರ್‌ಗಳಿಂದ ಮಾಯ ಆಯ್ತು, 2023ರ ಮೇನಲ್ಲಿ ವಾಪಸ್ ಬಂತು. ಅಷ್ಟು ತಿಂಗಳು ಆ ರ‍್ಯಾಂಕ್, ಆ ಸ್ಕಿನ್ ಯಾವುದಕ್ಕೂ ಗ್ಯಾರಂಟಿ ಇರಲಿಲ್ಲ. 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಕಾನೂನು ಹಣ ಪಣಕ್ಕಿಟ್ಟು ಆಡೋ ಆನ್‌ಲೈನ್ ಆಟಗಳನ್ನ ನಿಷೇಧಿಸಿ, ಇ-ಸ್ಪೋರ್ಟ್ಸನ್ನ ಬೇರೆಯಾಗಿ ಗುರುತಿಸಿತು. ಹಾಗಾಗಿ "ದುಡ್ಡು ಕಟ್ಟಿ ಆಡು, ಡಬಲ್ ಮಾಡ್ಕೊ" ಅನ್ನೋ ಲಿಂಕ್ ಬಂದ್ರೆ ಅದನ್ನ ಇ-ಸ್ಪೋರ್ಟ್ಸ್ ಅಂದ್ಕೋಬೇಡಿ.

ಒಂದು ಪುಟದ ಖಾತೆ

ಹಾಗಾದ್ರೆ ಯಾವ ಗೇಮ್ ಆರಿಸೋದು? ಒಂದು ಸುಲಭ ವಿಧಾನ ಇದೆ. ನೋಟ್‌ಬುಕ್‌ನಲ್ಲಿ ನಾಲ್ಕು ಕಾಲಂ ಹಾಕಿ: ಕೈ, ಜಾಗ, ಮಾಹಿತಿ, ಮಾತು. ಮುಂದಿನ 20 ಸಲ ಸತ್ತಾಗ ಯಾಕೆ ಸತ್ತಿರಿ ಅಂತ ಒಂದೊಂದು ಗೆರೆ ಎಳೀರಿ. ಎದುರಾಳಿ ಕಂಡ, ನೀವೇ ಮೊದಲು ಹೊಡೆದ್ರಿ, ಆದ್ರೂ ತಪ್ಪಿತು: ಅದು ಕೈ. ಬಯಲಲ್ಲಿ ನಿಂತಿದ್ರಿ: ಅದು ಜಾಗ. ಅವನು ಅಲ್ಲಿದ್ದಾನೆ ಅಂತ ಗೊತ್ತೇ ಇರಲಿಲ್ಲ: ಅದು ಮಾಹಿತಿ. ಗೆಳೆಯನಿಗೆ ಗೊತ್ತಿತ್ತು, ನಿಮಗೆ ಹೇಳಲಿಲ್ಲ, ಅಥವಾ ನೀವು ಹೇಳಲಿಲ್ಲ: ಅದು ಮಾತು.

ಕೈ ಕಾಲಂ ಖಾಲಿ ಇದ್ದು ಮಾಹಿತಿ ಕಾಲಂ ತುಂಬಿದ್ರೆ ಏಮ್ ಟ್ರೈನರ್‌ನಲ್ಲಿ ಗಂಟೆಗಟ್ಟಲೆ ಕೂತು ಪ್ರಯೋಜನ ಇಲ್ಲ. ಸೀಜ್ ಥರದ ಗೇಮ್ ನಿಮಗೆ ಬೇಕಾದ ಪಾಠವನ್ನ ಒತ್ತಿ ಕಲಿಸುತ್ತೆ. ಓಡೋ ಗುರಿಯ ಮೇಲೆ ಕೈ ನಿಲ್ಲಲ್ಲ ಅಂದ್ರೆ ಏಪೆಕ್ಸ್, ನಿಂತು ಒಂದೇ ಗುಂಡು ಹೊಡೆಯೋ ಧೈರ್ಯ ಇಲ್ಲ ಅಂದ್ರೆ ವ್ಯಾಲೊರಂಟ್ ಅಥವಾ ಕೌಂಟರ್-ಸ್ಟ್ರೈಕ್. ಬರೀ ಖುಷಿಗೆ ಆಡೋರು ಯಾವುದು ಖುಷಿ ಕೊಡುತ್ತೋ ಅದನ್ನೇ ಆಡಿ, ಅದಕ್ಕೆ ಯಾರ ಅನುಮತಿಯೂ ಬೇಡ.

ಗೇಮ್ ಹೋಗುತ್ತೆ, ಹೊಸದು ಬರುತ್ತೆ. ಯಾಕೆ ಸೋತೆ ಅಂತ ಕೂತು ಬರೆದು ನೋಡೋ ಅಭ್ಯಾಸ ಮಾತ್ರ ಎಲ್ಲ ಕಡೆ ಚಲಾವಣೆ ಆಗುತ್ತೆ, ಪರೀಕ್ಷೆಯಲ್ಲೂ, ಕೆಲಸದಲ್ಲೂ. ನಿಮ್ಮ 20 ಗೆರೆಯಲ್ಲಿ ಯಾವ ಕಾಲಂ ತುಂಬಿತು ಅಂತ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ, ಅಲ್ಲಿವರೆಗೂ ಚೆನ್ನಾಗಿರಿ.